ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ಶಾಂತಪ್ಪನಿಗೆ ಹಾಡಲು ಬರುತ್ತಿರಲಿಲ್ಲ. ಚರ್ಚಿನಲ್ಲಿ ಯೌವನಸ್ಥರ ಕೂಟ ನಡೆಸುವವನಿಗೆ ಇದು ಸಣ್ಣ ಕೊರತೆಯಲ್ಲ. ಹದಿನೈದು ಹದಿನಾರರ ಮಕ್ಕಳು ಗಿಟಾರ್ ಹಿಡಿದು ಒಂದು ದಾರಿಯಲ್ಲಿ ಹೊರಟರೆ, ಇವನು ಕಂಜರ ಬಡಿಯುತ್ತ ಇನ್ನೊಂದು ದಾರಿ ಹಿಡಿಯುತ್ತಿದ್ದ. ಕೊನೆಗೆ ಮಕ್ಕಳೇ ಕಂಜರ ಕಸಿದುಕೊಂಡು, "ಅಂಕಲ್, ನೀವು ಚಪ್ಪಾಳಿ ಅಷ್ಟ ಹೊಡೀರಿ ಸಾಕು" ಎಂದರು. ಚಪ್ಪಾಳೆಯೂ ತಪ್ಪುತ್ತಿತ್ತು.

ಅವನು ತೀರಿಕೊಂಡು ಎರಡು ತಿಂಗಳಾಯಿತು. ಬರೆಯಲು ಕುಳಿತಾಗಲೆಲ್ಲ ಮೊದಲು ಕೇಳಿಸುವುದು ಆ ಚಪ್ಪಾಳೆ. ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತೇನೆ.

ಹೈದರಾಬಾದಿನ ಉಪ್ಪಲ್‌ನಲ್ಲಿ ನಮ್ಮ ಮನೆಗಳಿಗೆ ಒಂದೇ ಗೋಡೆ. ನಮ್ಮದು ರಾಯಚೂರು ಕಡೆಯಿಂದ ಬಂದು ನಿಜಾಮರ ಕಾಲದಿಂದ ಸರ್ಕಾರಿ ನೌಕರಿಯಲ್ಲೇ ಬೇರೂರಿದ ಮನೆತನ. ಅವನು ಹುಮನಾಬಾದ್ ಕಡೆಯ ಹಳ್ಳಿಯವನು. ಅಜ್ಜನ ಕಾಲಕ್ಕೇ ಕ್ರೈಸ್ತರಾದ ಮನೆ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಹೈದರಾಬಾದಿಗೆ ಬಂದಿದ್ದ. ನನ್ನನ್ನು ಕೊನೆಯವರೆಗೂ 'ರಾಯರ' ಎಂದೇ ಕರೆದ. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ಕೇಳಲಿಲ್ಲ.

ಸಿಕಂದರಾಬಾದಿನ ಒಂದು ತೆಲುಗು ಚರ್ಚು ಭಾನುವಾರ ಮಧ್ಯಾಹ್ನ ತನ್ನ ಸಭಾಂಗಣವನ್ನು ಕನ್ನಡದವರಿಗೆ ಬಿಟ್ಟುಕೊಡುತ್ತಿತ್ತು. ಹಿರಿಯರು ಪ್ರಸಂಗ ಕೇಳುವಾಗ ಮಕ್ಕಳು ಹಿಂದಿನ ಬೆಂಚಿನಲ್ಲಿ ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದರು, ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಕನ್ನಡ ಅವರಿಗೆ ಅಮ್ಮ ಬೈಯುವ ಭಾಷೆ, ಪಾದ್ರಿಗಳು ಬೋಧಿಸುವ ಭಾಷೆ, ಅಷ್ಟೆ. ಈ ಮಕ್ಕಳನ್ನು ಸಭೆಯವರು ಶಾಂತಪ್ಪನ ಕೈಗೆ ಕೊಟ್ಟಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಅವನು ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದ. ಅಲ್ಲಿ ಬೀದರ್, ಗುಲ್ಬರ್ಗ, ರಾಯಚೂರಿನ ರೋಗಿಗಳು ಹಾಸಿಗೆ ಹಾಸಿಗೆಗೂ ಇದ್ದರು. ಅವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆದರೆ ಡಾಕ್ಟರು ಹೇಳುವುದು ತೆಲುಗಿನಲ್ಲಿ, ಆಯಾ ಗದರುವುದು ಉರ್ದುವಿನಲ್ಲಿ. ಹಳ್ಳಿಯ ಹೆಂಗಸರು ಎರಡೂ ತಿಳಿಯದೆ ಮಾತ್ರೆಗಳನ್ನು ಸೆರಗಿಗೆ ಕಟ್ಟಿಕೊಂಡು ಕೂತಿದ್ದರು.

ಮುಂದಿನ ಕೂಟದಲ್ಲಿ ಅವನು ಮಕ್ಕಳಿಗೆ ಹೇಳಿದ್ದು ಇಷ್ಟು: "ದೇವರಿಗೆ ಏನ್ ಕೊಡ್ಲಿ ಅಂತ ಹಾಡ ಹಾಡ್ತೀರಿ. ನಿಮ್ಮ ಹತ್ರ ಏನೈತಿ ಕೊಡಾಕ? ಎಲ್ಲಾ ನಿಮ್ಮಪ್ಪಂದು. ನಿಮ್ಮವು ಅಂದ್ರ ಎರಡು ನಾಲಿಗಿ, ಒಂದು ಕನ್ನಡದ್ದು, ಒಂದು ತೆಲುಗಿಂದು. ಶನಿವಾರ ಮಧ್ಯಾಹ್ನ ಅವನ್ನ ಕೊಡ್ರಿ."

ಹೀಗೆ ಆಸ್ಪತ್ರೆಯ ಶನಿವಾರಗಳು ಶುರುವಾದವು. ಮೊದಲ ವಾರ ಒಬ್ಬ ಹುಡುಗ ಚರ್ಚಿನ ಕನ್ನಡದಲ್ಲಿ ಮುದುಕನೊಬ್ಬನನ್ನು, "ಅಯ್ಯಾ, ತಮ್ಮನ್ನು ಬಾಧಿಸುತ್ತಿರುವ ವ್ಯಾಧಿ ಯಾವುದು?" ಎಂದು ಕೇಳಿದ. ಮುದುಕ ಎದ್ದು ಕೂತು ಕೈಮುಗಿದು, "ಯಪ್ಪಾ, ನಾ ಏನೂ ಮಾಡಿಲ್ರಿ" ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನು ಹೇಳಿಕೊಂಡು ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆದರೆ ಕೆಲವೇ ವಾರಗಳಲ್ಲಿ ಆ ಮಕ್ಕಳ ಬಾಯಲ್ಲಿ ಬೀದರ್ ಬಂತು, ಸುರಪುರ ಬಂತು. ಮನೆಯಲ್ಲಿ ಅಜ್ಜಿಯರಿಗೆ ಆಶ್ಚರ್ಯ. ತಿಂಗಳ ಎರಡನೆಯ ಶನಿವಾರ ನನಗೆ ಆಫೀಸಿಗೆ ರಜೆ. ನಾನೂ ಹೋಗುತ್ತಿದ್ದೆ. ರೋಗಿಗಳಿಗೆ ಒಯ್ಯುವ ರೊಟ್ಟಿ ಡಬ್ಬಿ ಹೊರುವುದು ನನ್ನ ಪಾಲಿನ ಕೆಲಸ.

ಅವರ ಕೂಟದಲ್ಲಿ ಒಂದು ರೂಢಿಯಿತ್ತು. ಏನು ಮಾಡಿದರೂ ಮುಂಚೆ ಪ್ರಾರ್ಥನೆ, ಆಮೇಲೆ ಪ್ರಾರ್ಥನೆ. ಬಸ್ಸು ಹತ್ತುವಾಗಲೂ ಮಾಡುತ್ತೀರಾ ಎಂದು ನಾನು ಕೇಳಿದರೆ ಶಾಂತಪ್ಪ, "ಉಪ್ಪಲ್ ಬಸ್ಸಿಗೆ ಅದೂ ಬೇಕ್ರಿ ರಾಯರ" ಎನ್ನುತ್ತಿದ್ದ. ಪ್ರಾರ್ಥನೆಯೆಂದರೆ ಹುಡುಗರು ತಲೆ ಬಗ್ಗಿಸಿ ಕೈಕಟ್ಟಿ ನಿಲ್ಲುವರು. ಹುಡುಗಿಯರು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಳ್ಳುವರು. ಎಲ್ಲರ ಕಣ್ಣೂ ಮುಚ್ಚಿರುತ್ತಿತ್ತು. ಹುಟ್ಟಿದಾಗಿನಿಂದ ಹಾಗೇ ಮಾಡಿದವರಿಗೆ ಅದು ಹೊರಗಿನವರಿಗೆ ಹೇಗೆ ಕಾಣುತ್ತದೆಂದು ಹೊಳೆಯುವುದಾದರೂ ಹೇಗೆ?

ಮೂಳೆ ವಾರ್ಡಿನಲ್ಲಿ ಸೂಗಪ್ಪ ಎಂಬ ತರುಣನಿದ್ದ. ಬಸ್ಸಿನ ಮೇಲೆ ಕೂತು ಬರುವಾಗ ಬಿದ್ದು ಕಾಲು ಮುರಿದುಕೊಂಡಿದ್ದ. ಅವನ ತಾಯಿ ತುಳಸಾಬಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆಯಿಲ್ಲ. ಅವಳ ಮಾತನ್ನು ಸಿಸ್ಟರಿಗೂ ಸಿಸ್ಟರ ಮಾತನ್ನು ಅವಳಿಗೂ ದಾಟಿಸುತ್ತಿದ್ದವಳು ಹದಿನಾರರ ವನಜಾ. ಅವಳ ತಂದೆ ಶಾಂತಪ್ಪನ ಕಾರ್ಖಾನೆಯವರು, ಧಾರವಾಡದ ಕಡೆಯವರು.

ಆ ಶನಿವಾರ ಶಾಂತಪ್ಪ ಮತ್ತು ನಾನು ಹೊರಗೆ ಚಹಾ ಕುಡಿಯುತ್ತಿದ್ದೆವು. ಸೂಗಪ್ಪ ಆಪರೇಷನ್ ಆಗಿ ಗಾಢವಾಗಿ ನಿದ್ದೆಹೋಗಿದ್ದ. ತಾಯಿ ನೀರು ತರಲು ನಲ್ಲಿಗೆ ಹೋಗಿದ್ದಳು. ಹೊರಡುವ ಹೊತ್ತಾಯಿತೆಂದು ಮಕ್ಕಳೆಲ್ಲ ಬಂದು ಅವನ ಹಾಸಿಗೆಯ ಸುತ್ತ ನಿಂತರು. ವನಜಾ ಮೆಲ್ಲನೆ ಪ್ರಾರ್ಥನೆ ಶುರುಮಾಡಿದಳು.

ತುಳಸಾಬಾಯಿ ತಂಬಿಗೆ ಹಿಡಿದು ಬಾಗಿಲಿಗೆ ಬಂದವಳು ಕಂಡದ್ದು ಇದು: ಅಲುಗಾಡದ ಮಗ. ಸುತ್ತಲೂ ತಲೆ ಬಗ್ಗಿಸಿ, ಮುಸುಕು ಹೊದ್ದು, ಕಣ್ಣು ಮುಚ್ಚಿ ನಿಂತ ಜನ.

"ಅಯ್ಯೋ ಸೂಗ್ಯಾ! ನನ್ನ ಬಿಟ್ಟು ಹೋದ್ಯೇನೋ ನನ ಕಂದಾ!"

ಆ ಕೂಗಿಗೆ ನಮ್ಮ ಕೈಯ ಚಹಾ ಚೆಲ್ಲಿತು. ಓಡಿ ಒಳಗೆ ಬಂದರೆ ಅವಳು ನೆಲಕ್ಕೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದಾಳೆ, ಪಕ್ಕದ ಹಾಸಿಗೆಗಳ ಹೆಂಗಸರೂ ದನಿಗೂಡಿಸಿದ್ದಾರೆ. ಗದ್ದಲಕ್ಕೆ ಸೂಗಪ್ಪ ಎಚ್ಚರಗೊಂಡು ಕತ್ತೆತ್ತಿ ಕೇಳಿದ:

"ಯವ್ವಾ, ಯಾರ್ ಸತ್ರು?"

ಈಗ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ತುಳಸಾಬಾಯಿ ಮಗನ ಮುಖ ಮುಟ್ಟಿ ಮುಟ್ಟಿ ನೋಡಿ, ಎದ್ದು ವನಜಾಳತ್ತ ತಿರುಗಿ, "ಜೀವ ಇದ್ದ ಮಗನ್ನ ಹೆಣಾ ಮಾಡಿ ನಿಲ್ಲಸಿದ್ರಲ್ಲ!" ಎಂದು ಕಿರುಚಿದಳು. ಹೆಡ್ ಸಿಸ್ಟರ್ ಬಂದು, "ಬಯಟಿಕಿ ಪೊಂಡಿ!" ಎಂದು ಎಲ್ಲರನ್ನೂ ಹೊರಗಟ್ಟಿದರು. ಇನ್ನು ಮುಂದೆ ಈ ಗುಂಪು ವಾರ್ಡಿಗೆ ಕಾಲಿಡಕೂಡದು ಎಂದರು.

ಮರುದಿನ ಚರ್ಚಿನ ಹಿರಿಯರು ಸೇರಿದರು. ಮಕ್ಕಳಿಗೆ ಬೈಬಲ್ ಕ್ವಿಜ್ ಇಡೋಣ, ಕ್ಯಾರಂ ಬೋರ್ಡು ಕೊಡಿಸೋಣ, ದವಾಖಾನೆಯ ಉಸಾಬರಿ ಸಾಕು ಎಂದರಂತೆ. ಪರೀಕ್ಷೆಯ ವರ್ಷದ ಮಕ್ಕಳಿದ್ದ ಮನೆಗಳಿಗೂ ಅದೇ ಬೇಕಿತ್ತು. ವನಜಾ ಕೂಟಕ್ಕೆ ಬರಲೇ ಇಲ್ಲ. ಇನ್ನು ಯಾರ ಮುಂದೆಯೂ ಪ್ರಾರ್ಥನೆ ಮಾಡುವುದಿಲ್ಲ ಎಂದು ತಮ್ಮನ ಕೈಲಿ ಹೇಳಿಕಳಿಸಿದ್ದಳು.

ಸಂಜೆ ಶಾಂತಪ್ಪ ನಮ್ಮ ಜಗಲಿಯ ಮೇಲೆ ಬಂದು ಕೂತ.

"ರಾಯರ, ಹಾಡು ಯಾರ್ ಬೇಕಾದ್ರೂ ಕಲಸ್ತಾರ. ನನಗಂತೂ ಬರೂದಿಲ್ಲ. ನಂಬಿಗಿ ಅಂದ್ರ ಬರೇ ಬೆಂಚಿನ ಮ್ಯಾಲ ಕೂಡೂದಲ್ಲ ಅಂತ ಈ ಹುಡುಗರಿಗೆ ತೋರಸಾಕ ನನಗ ಈ ಶನಿವಾರ ಒಂದ ಇತ್ತು. ಅದೂ ನಿಂತ್ರ ನಾ ಅವರಿಗೆ ಕೊಟ್ಟಿದ್ದರ ಏನು?"

"ಈಗ ಏನ್ ಮಾಡಾಂವ ಇದ್ದಿ?"

"ತುಳಸಾಬಾಯಿ ಕಡಿ ಹೋಗ್ತೀನಿ. ಅಕಿ ಏನ್ ಅಂತಾಳ ಅದ."

ಮೊದಲು ಅವನು ಹೋದದ್ದು ವನಜಾಳ ಮನೆಗೆ. "ಪ್ರಾರ್ಥನಾ ಮಾಡಾಕ ಕರ್ಯಾಕ ಬಂದಿಲ್ಲವ್ವಾ. ತಪ್ಪಾತು ಅನ್ನಾಕ ಹೋಗೂಣು. ನಾನೂ ಅಂತೀನಿ. ನಿಮ್ಮನ್ನ ಬಿಟ್ಟು ಚಾ ಕುಡ್ಯಾಕ ಹೋದಾಂವ ನಾನ."

ಎಲ್ಲರಂತೆ ರೋಗಿಗಳನ್ನು ನೋಡುವ ವೇಳೆಗೆ ವನಜಾ, ಅವನು, ನಾನು ಮೂವರೂ ಹೋದೆವು. ಶಾಂತಪ್ಪನ ಹೆಂಡತಿ ಗುಣವತಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದಳು. ತುಳಸಾಬಾಯಿ ನಮ್ಮನ್ನು ನೋಡಿ ಮುಖ ತಿರುಗಿಸಿದಳು. ಶಾಂತಪ್ಪ ತಪ್ಪಾಯಿತು ಎಂದ. ವನಜಾಳಿಗೆ ಅಷ್ಟೂ ಆಗಲಿಲ್ಲ, ನಿಂತಲ್ಲೇ ಅತ್ತಳು. ಮುದುಕಿ ಸ್ವಲ್ಪ ಹೊತ್ತು ಅಳು ನೋಡಿದಳು.

"ಏ ಪೋರಿ, ಅವತ್ತು ನಿನ್ನ ದೇವರಿಗಿ ಏನ್ ಕೇಳಿದ್ದಿ?"

"ಸೂಗಪ್ಪಣ್ಣನ ಕಾಲು ನೆಟ್ಟಗ ಆಗ್ಲಿ ಅಂತ."

"ಅಷ್ಟನ? ಮತ್ತ ಅದನ್ನ ಕಣ್ಣ ಮುಚ್ಚಿ ಗುಟ್ಟಿಲೆ ಯಾಕ ಕೇಳ್ತಿ? ಕಾಲು ಅವಂದು, ಮಗಾ ನಂದು. ನನ್ನ ಕಡಿ ನೋಡಿ ಕೇಳು."

ವನಜಾ ಶಾಂತಪ್ಪನನ್ನು ನೋಡಿದಳು. ಅವನು ತಲೆಯಾಡಿಸಿದ. ಕಣ್ಣೀರು ಒರೆಸಿಕೊಂಡು, ಕಣ್ಣು ತೆರೆದು, ತುಳಸಾಬಾಯಿಯ ಮುಖ ನೋಡುತ್ತ ಅವಳು ಪ್ರಾರ್ಥಿಸಿದಳು. ಚರ್ಚಿನ ಕನ್ನಡ ಒಂದು ಪದವೂ ಬರಲಿಲ್ಲ. ಕಾಲು ಕೂಡಲಿ, ಇವನು ಹೊಲಕ್ಕೆ ಹೋಗುವಂತಾಗಲಿ, ಇನ್ನೊಮ್ಮೆ ಬಸ್ಸಿನ ಮೇಲೆ ಹತ್ತದಿರಲಿ. ಕೊನೆಯ ಮಾತಿಗೆ ತುಳಸಾಬಾಯಿ, "ಹಾಂ, ಅದನ್ನ ಎರಡ ಸಲ ಹೇಳು" ಎಂದಳು. ಸೂಗಪ್ಪ ಗೋಡೆಯ ಕಡೆ ಹೊರಳಿದ.

ಆ ಹೊತ್ತಿಗೆ ಹೆಡ್ ಸಿಸ್ಟರ್ ಬಂದರು. ವನಜಾಳನ್ನು ಗುರುತು ಹಿಡಿದು ಹುಬ್ಬು ಗಂಟಿಕ್ಕಿದರು. ತುಳಸಾಬಾಯಿ ಎದ್ದು ಅವರ ಕೈ ಹಿಡಿದೇಬಿಟ್ಟಳು.

"ಏ ತಂಗಿ, ಈ ಪೋರಿಗಿ ಬರಬ್ಯಾಡ ಅಂದ್ಯಂತ? ನಿನ್ನ ಮಾತು ನನಗ ತಿಳ್ಯಾಂಗಿಲ್ಲ, ನನ್ನ ಮಾತು ನಿನಗ ತಿಳ್ಯಾಂಗಿಲ್ಲ. ನಿನ್ನಿ ಹಚ್ಚೂ ಎಣ್ಣಿ ಕುಡಸಾಕ ಹೋಗಿದ್ದೆ. ಬಾಜೂ ಹಾಸಿಗಿ ಸಾಬಣ್ಣ ಕೈ ಹಿಡದ. ನೀ ಕಲೀತಿಯೇನ್ ನಮ್ಮ ಮಾತು? ಇಲ್ಲಂದ್ರ ಇಕಿನ್ನ ಬರಗೊಡು."

ಸಿಸ್ಟರ್ ವನಜಾಳ ಕಡೆ ನೋಡಿದರು. ತನ್ನ ಪರವಾದ ವಕಾಲತ್ತನ್ನು ತಾನೇ ತೆಲುಗಿಗೆ ತಿರುಗಿಸಬೇಕಾದ ಪಾಡು ಅವಳದು. ಎಣ್ಣೆಯ ತನಕ ಹೇಳಿ ನಿಲ್ಲಿಸಿದಳು. ಇನ್ನೂ ಏನೋ ಅಂದಳಲ್ಲ ಎಂದು ಸಿಸ್ಟರ್ ಕೇಳಿದರು. ವನಜಾ ನೆಲ ನೋಡುತ್ತ ಉಳಿದದ್ದನ್ನೂ ಹೇಳಿದಳು. ಸಿಸ್ಟರ್ ಎಣ್ಣೆಯ ಬಾಟಲಿಯನ್ನು ಎತ್ತಿ ಕಿಟಕಿಯ ಮೇಲೆ ಬೇರೆಯಾಗಿಟ್ಟರು. ಮುಖದಲ್ಲಿ ಬಿಗಿ ಸಡಿಲಿತು. ಒಂದು ಹಾಸಿಗೆಗೆ ಇಬ್ಬರೇ, ಗುಂಪು ಕಟ್ಟಬಾರದು, ಕಣ್ಣು ಮುಚ್ಚಿ ನಿಂತದ್ದು ಕಂಡರೆ ಮತ್ತೆ ಹೊರಗೆ ಎಂದರು.

ಶಾಂತಪ್ಪ ಮೂರಕ್ಕೂ ಒಪ್ಪಿದ. ನಾಲ್ಕನೆಯದನ್ನು ತಾನೇ ಸೇರಿಸಿದ: ರೋಗಿಯಾಗಲಿ ಮನೆಯವರಾಗಲಿ ಬೇಕೆಂದರಷ್ಟೇ ಪ್ರಾರ್ಥನೆ, ಬೇಡವೆಂದರೆ ರೊಟ್ಟಿ. ಸಭೆಯಲ್ಲಿ ಒಬ್ಬ ಹಿರಿಯರು, ಕಣ್ಣು ತೆರೆದು ಮಾಡುವುದು ಎಂಥ ಪ್ರಾರ್ಥನೆ ಎಂದು ಕೇಳಿದಾಗ, "ಮುಚ್ಚಿದ್ರ ನಮಗ ದೇವರು ಕಾಣ್ತಾನ್ರಿ, ಮುದುಕಿ ಕಾಣೂದಿಲ್ಲ" ಎಂದನಂತೆ. ಕ್ಯಾರಂ ಬೋರ್ಡನ್ನೂ ಬಿಡದೆ ಇಸಿದುಕೊಂಡ. ಅದು ಮಕ್ಕಳ ವಾರ್ಡಿಗೆ ಹೋಯಿತು.

ಮುಂದಿನ ಇಪ್ಪತ್ತು ವರ್ಷಕ್ಕೂ ಮೇಲೆ ಆ ಶನಿವಾರಗಳು ನಡೆಯುತ್ತಲೇ ಬಂದವು. ಮಕ್ಕಳು ಬೆಳೆದು ಬ್ಯಾಂಕು, ರೈಲ್ವೆ, ನರ್ಸಿಂಗ್ ಎಂದು ಚದುರಿದರು. ಅವರ ಜಾಗಕ್ಕೆ ಹೊಸ ಮಕ್ಕಳು ಬಂದರು. ವನಜಾ ಉಪ್ಪಲ್‌ನಲ್ಲೇ ಶಾಲೆಯ ಟೀಚರಾಗಿ, ಶಾಂತಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಕೂಟವನ್ನು ತಾನೇ ವಹಿಸಿಕೊಂಡಳು. ಅವಳಿಗೆ ಹಾಡಲು ಬರುತ್ತದೆ. ಶಾಂತಪ್ಪ ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಚಪ್ಪಾಳೆ ಹೊಡೆಯುತ್ತಿದ್ದ. ಅವನಷ್ಟು ಸುಖವಾಗಿ ವಯಸ್ಸಾದವರನ್ನು ನಾನು ಕಡಿಮೆ ಕಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ಹೃದಯ ಸೋತು ಅವನನ್ನು ಬೇಗಂಪೇಟೆಯ ಆಸ್ಪತ್ರೆಗೆ ಸೇರಿಸಿದರು. ಒಂದು ಮಧ್ಯಾಹ್ನ ವನಜಾ ಮತ್ತು ನಾನು ಒಳಗೆ ಹೋದೆವು. ಇಬ್ಬರೇ, ಆ ಹಳೆಯ ನಿಯಮದಂತೆ. ಅವನು ಮಲಗಿದ್ದ. ಗುಣವತಿ ಬದಿಯಲ್ಲಿ ಕೂತಿದ್ದಳು. ಎಬ್ಬಿಸುವುದು ಬೇಡವೆಂದು ನಾವು ಸುಮ್ಮನೆ ನಿಂತೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಡದೆಯೇ ಅವನ ತುಟಿ ಅಲುಗಿತು.

"ಯವ್ವಾ, ಯಾರ್ ಸತ್ರು?"

"ಸಾಕ ಸುಮ್ಮನಿರ್ರಿ, ಇದೂ ಒಂದು ಚೇಷ್ಟಿನ?" ಎಂದು ಗುಣವತಿ ಗದರಿದಳು. ಗದರುತ್ತ ನಕ್ಕಳು.

ಅವನು ಕಣ್ಣು ತೆರೆದು ವನಜಾಳಿಗೆ, "ಏನ್ ಕೇಳಾಕ ಬಂದಿ? ನನ್ನ ಕಡಿ ನೋಡಿ ಕೇಳು" ಎಂದ.

"ನೀವು ಮನಿಗೆ ಬರಬೇಕ್ರಿ ಅಂಕಲ್. ಅದನ್ನ ಕೇಳ್ತೀನಿ."

"ಅದು ಇರ್ಲಿ. ಈ ಶನಿವಾರ ಯಾರ್ ಯಾರ್ ಹೊಂಟೀರಿ, ಅದನ್ನ ಹೇಳು."

ಅವಳು ಮಕ್ಕಳ ಹೆಸರು ಹೇಳಿದಳು. ಅವನು ಒಂದೊಂದಕ್ಕೂ ಹೂಂಗುಟ್ಟಿದ.

ಅವನನ್ನು ಮಣ್ಣು ಮಾಡಿದ್ದು ಒಂದು ಶನಿವಾರ ಬೆಳಿಗ್ಗೆ. ಸಭಾಪಾಲಕರು ಪ್ರಾರ್ಥಿಸೋಣ ಎಂದಾಗ ಹಿರಿಯರ ತಲೆಗಳು ಬಾಗಿದವು. ಆದರೆ ಅವನ ಕೈಯಲ್ಲಿ ಬೆಳೆದವರು, ನಡುವಯಸ್ಸಿನವರೂ ಮೀಸೆ ಮೂಡದವರೂ, ಕಣ್ಣು ತೆರೆದೇ ನಿಂತಿದ್ದರು. ಅವರೆಲ್ಲ ಗುಣವತಿಯನ್ನು ನೋಡುತ್ತಿದ್ದರು. ಅವಳೂ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ನಾನೂ ಕಣ್ಣು ಮುಚ್ಚಲಿಲ್ಲ.

ಎಲ್ಲ ಮುಗಿದು, ಜನ ಏನು ಮಾತಾಡಬೇಕೆಂದು ತಿಳಿಯದೆ ಗೇಟಿನ ಬಳಿ ನಿಂತಿದ್ದಾಗ ಗುಣವತಿ ವನಜಾಳ ಭುಜ ಮುಟ್ಟಿದಳು.

"ಶನಿವಾರ ಐತಿ. ಹೊತ್ತಾತು, ಹೊಂಡ್ರಿ. ರೊಟ್ಟಿ ನಮ್ಮ ಅಕ್ಕ ಮಾಡಿಟ್ಟಾಳ, ಮನಿಗೆ ಹೋಗಿ ತಗೊಂಡು ಹೋಗ್ರಿ."

ವನಜಾ ಹಿಂಜರಿದಳು. ಆಮೇಲೆ ಇಬ್ಬರು ಮಕ್ಕಳನ್ನು ಕರೆದುಕೊಂಡು, ಬಿಳಿ ಸೀರೆಯಲ್ಲೇ ಬಸ್‌ಸ್ಟಾಪಿನ ಕಡೆ ಹೊರಟಳು. ನಾನೂ ಹಿಂದೆಯೇ ಹೊರಟೆ. ಡಬ್ಬಿ ಹೊರುವವನು ನಾನಲ್ಲವೇ.