ನೀರುಗಂಟಿಯ ನಡುಕ

ಕೊತ್ತತ್ತಿಯ ನೀರುಗಂಟಿ ಕರಿಸಿದ್ದಯ್ಯನು ನೀರು ಬಿಡುವ ದಿನ ಯಾವ ರೈತನ ಬದುವಿನಲ್ಲೂ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ನಾಲೆಯ ನೀರನ್ನು ಗದ್ದೆಗದ್ದೆಗೆ ಹಂಚುವವನು ಒಬ್ಬನ ಮಜ್ಜಿಗೆ ಕುಡಿದರೆ ಇನ್ನೊಬ್ಬನ ಪೈರಿಗೆ ಮೋಸವಾಯಿತೆಂದೇ ಊರಿನ ತಿಳಿವಳಿಕೆ. ಬೆಳಿಗ್ಗೆ ಮನೆಯಲ್ಲಿ ಉಂಡು ಹೊರಟರೆ, ಕೊನೆಯ ಗದ್ದೆ ತೊಯ್ದ ಮೇಲೆಯೇ ಅವನು ಮತ್ತೆ ಮುದ್ದೆ ಮುರಿಯುತ್ತಿದ್ದುದು.

೧೯೪೦ರ ಬೇಸಗೆಯಲ್ಲಿ ಅವನು ಸೊರಗಿ ಕಡ್ಡಿಯಾದನು. ಮಂಡ್ಯದ ಡಾಕ್ಟರು ಸಿಹಿಮೂತ್ರವೆಂದು ಹೇಳಿ, ದಿನವೂ ಬೆಳಿಗ್ಗೆ ಇನ್ಸುಲಿನ್ ಚುಚ್ಚುವುದನ್ನು ಅವನ ಹೆಂಡತಿ ಮರಿತಾಯಮ್ಮನಿಗೆ ಕಲಿಸಿದರು. ಚುಚ್ಚಿದ ಮೇಲೆ ಮಧ್ಯಾಹ್ನದ ಊಟ ತಪ್ಪಿದರೆ ಮೈಯ ಸಕ್ಕರೆ ತೀರ ಇಳಿದುಬಿಡುತ್ತದೆ, ಬೆವರಿ ಕೈ ನಡುಗಿದರೆ ಕೂಡಲೇ ಬೆಲ್ಲ ತಿನ್ನಬೇಕು ಎಂದೂ ಎಚ್ಚರಿಸಿದ್ದರು.

"ಒಂದು ಉಂಡೆ ಬೆಲ್ಲ ಸೊಂಟದಲ್ಲಿ ಕಟ್ಕೊಂಡೋಗು" ಎಂದು ಮರಿತಾಯಮ್ಮ ಅಂಗಲಾಚಿದಳು.

"ಆಲೆಮನೆ ತಿಮ್ಮಯ್ಯ ಕೊಟ್ಟ ಅಂತಾರೆ ಕಣಮ್ಮಿ. ಸುಮ್ಕಿರು."

"ಅಂದ್ರೆ ಅನ್ಲಿ ಬುಡು. ನೀನು ಬಿದ್ರೆ ಅವ್ರು ಒತ್ಕಂಡು ಬತ್ತಾರಾ?"

ಅವನು ಬರಿಗೈಯಲ್ಲೇ ಹೋಗುತ್ತಿದ್ದನು.

ಸೆಪ್ಟೆಂಬರ್ ೧೧, ಬುಧವಾರ ಮಧ್ಯಾಹ್ನ, ನೀರಿನ ಸರದಿ ರೈತ ಕೆಂಪಯ್ಯನದು. ಕರಿಸಿದ್ದಯ್ಯನು ತಿಮ್ಮಯ್ಯನ ಗದ್ದೆಗೆ ಮಡೆ ಒಡೆದು ನೀರು ಹರಿಸಿದನು. ಕೇಳಲು ಬಂದ ಕೆಂಪಯ್ಯನಿಗೆ, ಜನ್ಮದಲ್ಲಿ ಆಡದ ಬೈಗುಳವನ್ನು ತೊದಲುತ್ತ ಬೈದನು. ಮೈಯೆಲ್ಲ ಬೆವರಿತ್ತು.

"ಅಗಲೊತ್ತಲ್ಲೇ ಕುಡ್ದಿದ್ದೀಯೇನ್ಲಾ? ಯಾರ ಎಂಡ ಲೇ, ತಿಮ್ಮಯ್ಯಂದಾ?"

ಅವನು ಕಾಲುವೆಗೆ ಕುಸಿದನು. ಓಡಿಬಂದ ಮರಿತಾಯಮ್ಮ ಬೆಲ್ಲ ಕರಗಿಸಿ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದು ಕುಳಿತ ಅವನಿಗೆ ಒಂದೂ ನೆನಪಿರಲಿಲ್ಲ.

"ಬೆಲ್ಲ ತಿಂದ್ರೆ ಎಂಡ ಇಳೀತದೆ ಅಂತ ಇವತ್ತೇ ಕಣ್ಲಾ ಗೊತ್ತಾಗಿದ್ದು!" ಎಂದು ಯಾರೋ ಕೂಗಿದರು. ಬಹಳ ಹೊತ್ತಿನವರೆಗೂ ನಗು ನಿಲ್ಲಲಿಲ್ಲ.

ಚಾವಡಿಯಲ್ಲಿ ಡಾಕ್ಟರ ಚೀಟಿಯನ್ನು ಊರಿನ ಶಾಲೆಯ ಮೇಷ್ಟರಾದ ನಾನೇ ಓದಿ ಹೇಳಿದೆನು. ಕಾಯಿಲೆಯೆಂಬುದನ್ನು ಹಿರಿಯರು ಅರೆಮನಸ್ಸಿನಿಂದ ಒಪ್ಪಿದರು. ಆದರೆ ಇನ್ನೊಮ್ಮೆ ಹೀಗಾದರೆ ನೀರುಗಂಟಿಕೆ ಅವನ ದಾಯಾದಿಗೆ ಎಂದು ತೀರ್ಮಾನಿಸಿ, ನನ್ನಿಂದಲೇ ಅದನ್ನು ಬರೆಸಿದರು. ಅವನು ಕೆಳಗೆ ನಿಂತು ಕೇಳಿ, ಹೆಬ್ಬೆಟ್ಟು ಒತ್ತಿ ಹೋದನು.

ಆಮೇಲೆ ಮೂರು ವರ್ಷ ಅವನು ಒಮ್ಮೆಯೂ ಬೀಳಲಿಲ್ಲ. ಒಂದು ಮಡೆಯೂ ತಪ್ಪಲಿಲ್ಲ. ಕಾಯಿಲೆ ಹಿಡಿತಕ್ಕೆ ಬಂದಿತೆಂದು ಊರು ನಂಬಿತು, ನಾನೂ ನಂಬಿದೆನು. ಅವನು ದಾರಿಯುದ್ದಕ್ಕೂ ನಾಲೆಯ ನೀರನ್ನು ಮೊಗೆಮೊಗೆದು ಕುಡಿಯುವುದನ್ನೂ, ಗುದ್ದಲಿಯ ಹಿಡಿಯಿಂದ ಬದುವನ್ನು ತಡವಿಕೊಂಡು ನಡೆಯುವುದನ್ನೂ ಕಂಡಿದ್ದೆನಾದರೂ, ಏನೆಂದು ವಿಚಾರಿಸಲಿಲ್ಲ.

೧೯೪೩ರ ಕೊನೆಯಲ್ಲಿ ಹಿಮ್ಮಡಿಯ ಹುಣ್ಣು ಕೊಳೆತು ಅವನು ಹಾಸಿಗೆ ಹಿಡಿದನು, ಜನವರಿ ದಾಟಲಿಲ್ಲ. ಅವನು ತೀರಿಕೊಂಡ ಮೇಲೆ ಮಾತನಾಡಿಸಲು ಹೋದಾಗ, ಸೂಜಿಯನ್ನು ತಪ್ಪದೆ ಚುಚ್ಚುತ್ತಿದ್ದೆಯಾ ಎಂದು ಮರಿತಾಯಮ್ಮನನ್ನು ಕೇಳಿದೆನು.

"ದಿನಾಲೂ ಚುಚ್ಚಿದೀನಿ ಮೇಷ್ಟ್ರೇ. ಅರ್ಧ. ಪೂರ್ತಿ ಚುಚ್ಚಿದ್ರೆ ಬೀಳ್ತೀನಿ, ಬಿದ್ರೆ ಗುದ್ದಲಿ ಕಿತ್ಕತಾರೆ ಅಂದ. ಅವನು ಬೀಳೋದು ನನಗೂ ನೋಡಕ್ಕಾಗ್ತಿರಲಿಲ್ಲ."