ಒಂದು ಕಟ್ಟು ಬಿಸಿಲು

ಮೊನ್ನೆ ನಮ್ಮ ಪ್ರಯೋಗಾಲಯಕ್ಕೆ ಬಂದ ವಿದ್ಯಾರ್ಥಿಗಳಿಗೆ ತೋರಿಸಲೆಂದು ಯಾರೋ ಒಂದು ಹಿಡಿ ಬಾವಂಚಿ ಬೀಜ ತಂದಿದ್ದರು. ನಾವು ಬಳಸುವ ಔಷಧದ ಹತ್ತಿರದ ಬಂಧುವೊಂದು ಆ ಬೀಜದಲ್ಲಿದೆ. ಪೊಟ್ಟಣ ಬಿಚ್ಚಿದಾಗ ಬಂದ ಕಹಿ ಘಾಟಿನ ಜೊತೆಗೆ ಹೊಗೆಸೊಪ್ಪಿನ ವಾಸನೆಯೂ ಮೂಗಿಗೆ ಅಡರಿದಂತಾಯಿತು. ಅಲ್ಲಿ ಹೊಗೆಸೊಪ್ಪು ಇರಲಿಲ್ಲ. ಅದು ಮಡಂತ್ಯಾರಿನ ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಕೈಯ ವಾಸನೆ...

ರಕ್ತಸಂಬಂಧದ ದೊಡ್ಡಮ್ಮನಲ್ಲ. ಅಮ್ಮನೂ ಅವರೂ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವರು. ಬೆಳ್ತಂಗಡಿಯ ಕಾಲೇಜಿನಿಂದ ಬಂದ ಮೇಲೆ ನಾನೂ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಎರಡೂ ಮನೆಗಳಲ್ಲಿ ಮೊದಲು ಪದವಿ ಪಡೆದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟೇ ಪಡೆದದ್ದು.

ದೊಡ್ಡಮ್ಮನ ಎರಡೂ ಕೈಗಳ ಹಿಂಬದಿಯಲ್ಲಿ ತೊನ್ನಿನ ಬಿಳಿ ಕಲೆಗಳಿದ್ದವು. ಅದಕ್ಕೆ ಅಳುಕಿದವರಲ್ಲ. ಆದರೆ ಮಗಳ ಮದುವೆ ನಿಶ್ಚಯವಾದಾಗ ಚಿಂತೆ ಹತ್ತಿತು. ಧಾರೆಗೆ ತಾಯಿಯೇ ನೀರು ಎರೆಯಬೇಕು.

“ಮುಖ ಯಾರು ನೋಡ್ತಾರೆ ಮಾರಾಯ್ತಿ? ಅಲ್ಲಿ ಎಲ್ಲರ ಕಣ್ಣು ನನ್ನ ಕೈಯಲ್ಲೇ,” ಎಂದು ಅಮ್ಮನ ಹತ್ತಿರ ಹೇಳಿದ್ದರು.

ಮೂಡುಬಿದಿರೆ ಕಡೆಯ ವೈದ್ಯರೊಬ್ಬರು ಬಾವಂಚಿ ಎಣ್ಣೆ ಕೊಟ್ಟರು. ಹಚ್ಚಿ ಬೆಳಗಿನ ಬಿಸಿಲಿಗೆ ಒಡ್ಡಬೇಕು, ಸ್ವಲ್ಪವೇ ಹೊತ್ತು, ಹೆಚ್ಚಾದರೆ ಚರ್ಮ ಸುಡುತ್ತದೆ. ಗಡಿಯಾರ ನೋಡುವ ಅಭ್ಯಾಸ ದೊಡ್ಡಮ್ಮನಿಗಿರಲಿಲ್ಲ. ಗಂಜಿ ಬೇಯುವುದನ್ನೂ ಬಸ್ಸು ಬರುವುದನ್ನೂ ಅವರು ಬೀಡಿಯ ಕಟ್ಟಿನಲ್ಲೇ ಅಳೆಯುವುದು. ವೈದ್ಯರು ಹೇಳಿದ ಹೊತ್ತಿಗೆ ಇಪ್ಪತ್ತೈದು ಬೀಡಿಯ ಒಂದು ಕಟ್ಟು ಎಂದು ಲೆಕ್ಕ ಹಾಕಿಕೊಂಡರು. ದಿನವೂ ಅಂಗಳದಲ್ಲಿ ಕೂತು ಒಂದು ಕಟ್ಟು ಮುಗಿಸಿ ಎದ್ದು ಬರುತ್ತಿದ್ದರು. ತಿಂಗಳುಗಳು ಕಳೆದ ಹಾಗೆ ಬಿಳಿಯ ನಡುವೆ ಎಳ್ಳಿನಂಥ ಕಂದು ಚುಕ್ಕೆಗಳು ಮೂಡಿದವು.

“ನೋಡು, ಬಣ್ಣ ಬರ್ತಾ ಉಂಟು,” ಎಂದು ನನಗೆ ಕೈ ಚಾಚಿ ತೋರಿಸಿದ್ದರು.

ಮದುವೆಗೆ ಕೆಲವೇ ದಿನಗಳಿರುವಾಗ ಎಲೆ ಕೊಡುವ ಬೀಡಿ ಕಂಪೆನಿಯ ಬ್ರಾಂಚಿನಿಂದ ಕೆಟ್ಟ ಎಲೆ ಬಂತು. ಸುರುಳಿ ಸುತ್ತುವಾಗಲೇ ಹರಿಯುವ ಎಲೆ, ಅಂಗಳದ ಬಿಸಿಲಿಗೆ ಮತ್ತೂ ಒಣಗಿತು. ಕಟ್ಟು ಮುಗಿಯುವುದೇ ಇಲ್ಲ. ದೊಡ್ಡಮ್ಮ ಮುಗಿಸಿಯೇ ಎದ್ದರು. ಮರುದಿನ ಕೈಗಳು ಕೆಂಪಾಗಿ ಊದಿದವು, ಆಮೇಲೆ ನೀರುಗುಳ್ಳೆಗಳೆದ್ದವು.

“ಒಂದೇ ಕಟ್ಟಲ್ವಾ ದೊಡ್ಡಮ್ಮ?” ಎಂದು ಕೇಳಿದೆ.

“ಒಂದೇ ಕಟ್ಟು ಮಗಾ. ಆದರೆ ಎಲೆ ಹಾಳಾದ್ದು ಬಿಸಿಲಿಗೆ ಗೊತ್ತುಂಟಾ?” ಎಂದು ನಕ್ಕರು. ನಗುವಾಗಲೂ ಕೈಗಳನ್ನು ಗಾಳಿಯಲ್ಲೇ ಎತ್ತಿ ಹಿಡಿದಿದ್ದರು.

ಬಂಟ್ವಾಳದ ಹಾಲ್‌ನಲ್ಲಿ ಧಾರೆ ಎರೆದದ್ದು ಅವರ ಅತ್ತಿಗೆ. ದೊಡ್ಡಮ್ಮನ ಬೆರಳು ಮಡಚುತ್ತಿರಲಿಲ್ಲ, ಗಿಂಡಿ ಹಿಡಿಯುವುದು ಹೇಗೆ? ಬಟ್ಟೆ ಸುತ್ತಿದ ಕೈಗಳನ್ನು ಸೆರಗಿನೊಳಗಿಟ್ಟು ಹಿಂದೆ ನಿಂತಿದ್ದರು. ನೀರು ಬೀಳುವಾಗ ಮಗಳು ಒಮ್ಮೆ ತಿರುಗಿ ನೋಡಿದಳು...

ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದೇಹದ ಮೇಲೆ ಎರಗುವ ಕೆಲವು ಕಾಯಿಲೆಗಳಿವೆ. ಅಂಥ ರೋಗಿಗಳ ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಬಾವಂಚಿಯ ಬಂಧುವಾದ ಆ ಔಷಧ ಬೆರೆಸಿ, ಅತಿನೇರಳೆ ಬೆಳಕಿಗೆ ಒಡ್ಡಿ ಮತ್ತೆ ಮೈಗೆ ಸೇರಿಸುವ ಚಿಕಿತ್ಸೆಯೊಂದಿದೆ. ಅದನ್ನು ಸುಧಾರಿಸುವುದು ಈಗ ನಮ್ಮ ತಂಡದ ಕೆಲಸ. ಬೇರ್ಪಡಿಸಿದ ಕಣಗಳನ್ನು ತುಂಬಿದ ಚೀಲದಲ್ಲಿ ಕೆಂಪು ಕಣಗಳು ಹೆಚ್ಚು ಉಳಿದರೆ ಅವು ಬೆಳಕನ್ನು ತಡೆಯುತ್ತವೆ. ಗಡಿಯಾರದಲ್ಲಿ ಅಷ್ಟೇ ನಿಮಿಷ, ತಲುಪಿದ ಬೆಳಕು ಮಾತ್ರ ಕಡಿಮೆ. ಹಾಗಾಗಿ ಪ್ರತಿಯೊಬ್ಬರ ಚೀಲವನ್ನೂ ಮೊದಲು ಪರೀಕ್ಷಿಸಿ, ಅದಕ್ಕೆ ತಕ್ಕ ಹೊತ್ತು ಇಡುವ ದಾರಿ ಹುಡುಕುತ್ತಿದ್ದೇವೆ.

ಕೆಲಸಕ್ಕೆ ಹೊಸದಾಗಿ ಸೇರಿದವರು, ಎಲ್ಲದಕ್ಕೂ ಒಂದೇ ಸಮಯ ಇಟ್ಟರೆ ಆಗದೇ ಎಂದು ಕೇಳುತ್ತಾರೆ. “ಇವತ್ತಿನ ಎಲೆ ಹೇಗುಂಟು, ಮೊದಲು ನೋಡುವ,” ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ದೊಡ್ಡಮ್ಮನಾದರೆ ಕೇಳಿದ ಕೂಡಲೇ ನಗುತ್ತಿದ್ದರು... ತೀರಿಕೊಂಡು ವರ್ಷಗಳಾದವು.