ತಿಪ್ಪೆಯ ಮೇಲೆ ಸಿಕ್ಕ ಕೂಸು

ಆ ಹುಡುಗಿಗೆ ಮಾತು ಬಂದದ್ದೇ ಪ್ರಶ್ನೆ ಕೇಳುವುದಕ್ಕೆ. ರೊಟ್ಟಿ ಯಾಕೆ ಉಬ್ಬುತ್ತದೆ, ಉಬ್ಬಿದ್ದು ಯಾಕೆ ಇಳಿಯುತ್ತದೆ, ಬಾಯಲ್ಲಿ ಏನೂ ಹಾಕದಿದ್ದರೂ ಎತ್ತು ಏನನ್ನು ಅಗಿಯುತ್ತದೆ. ಹೇಳಿ ಮುಗಿಸುವುದರೊಳಗೆ ಮತ್ತೆ ಮೊದಲಿನಿಂದ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಅವಳನ್ನು ಕಂಡರೆ ಎಲ್ಲರೂ ಜಾಗ ಖಾಲಿ ಮಾಡುತ್ತಿದ್ದರು. "ತಲಿ ತಿನ್ನಬ್ಯಾಡ, ಹೋಗ ಅತ್ಲಾಗ" ಎನ್ನುತ್ತಿದ್ದರು ನಮ್ಮ ಅತ್ತೆ. ನಾನು ಸಿಟ್ಟಿನವಳೆಂದೇ ಹೆಸರಾದವಳು. ಆದರೂ ಅವಳು ಎಷ್ಟು ತಲೆ ತಿಂದರೂ ನನಗೆ ಸಾಕೆನಿಸುತ್ತಿರಲಿಲ್ಲ.

ನಾವಿನ್ನೂ ಮುಂಬೈ ಸರ್ಕಾರದ ಕೆಳಗಿದ್ದ ಕಾಲ ಅದು. ಅವಳನ್ನು ಹಡೆದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅವಳಿಗೆ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ನನಗಂತೂ ಮಕ್ಕಳೇ ಆಗಿರಲಿಲ್ಲ. ಕೂಸು ಉಳಿಯದ ಮನೆಯಲ್ಲಿ ಹೊಸದಾಗಿ ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಡುವುದು ನಮ್ಮ ಕಡೆಯ ಪದ್ಧತಿ. ಬೇರೊಬ್ಬಳು ಬಂದು ಎತ್ತಿಕೊಳ್ಳಬೇಕು, ಹಡೆದವಳು ಒಂದು ಮೊರ ಜೋಳ ಕೊಟ್ಟು ಅಲ್ಲೇ ಕೊಂಡುಕೊಳ್ಳಬೇಕು. ಯಾರಿಗೂ ಬೇಡದ ಕೂಸೆಂದು ತಿಳಿದು ಸಾವು ಅತ್ತ ತಿರುಗಿ ನೋಡುವುದಿಲ್ಲವಂತೆ.

ನಾನೇ ಎತ್ತಿಕೊಂಡೆ. ಅತ್ತೆ ಜೋಳ ತಂದರು. ನೆಗೆಣ್ಣಿ ಮುಟ್ಟಲಿಲ್ಲ.

"ನಾ ಕೊಳ್ಳೂದಿಲ್ರಿ ಅಕ್ಕಾ. ನನ್ನ ಕೈಯಾಗ ಉಳಿಯೂದಿಲ್ಲ. ಇದು ನಿಮ್ಮ ಕೂಸು" ಎಂದಳು.

ಹಿತ್ತಲಲ್ಲಿ ನಿಂತವರೆಲ್ಲ ಕೇಳಿದರು. ಅತ್ತೆ ಜೋಳವನ್ನು ಮತ್ತೆ ಚೀಲಕ್ಕೆ ಸುರಿದರು. ಹಾಲು ಬಿಡಿಸುವವರೆಗೆ ನೆಗೆಣ್ಣಿ ನಮ್ಮ ಜೊತೆಗಿದ್ದಳು. ಆಮೇಲೆ ಮೈದುನ ನರಗುಂದದಲ್ಲಿ ಅರಳೆ ವ್ಯಾಪಾರ ಹಿಡಿದ, ಅವಳು ಗಂಡನ ಹಿಂದೆ ಹೋದಳು. ಕೂಸು ನನ್ನನ್ನು ಅವ್ವ ಎಂದಿತು, ಅವಳನ್ನು ಚಿಗವ್ವ ಎಂದಿತು. ಯಾರೂ ತಿದ್ದಲಿಲ್ಲ.

ಆ ಹುಡುಗಿ ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದುದು ಇದನ್ನೇ:

"ಅವ್ವಾ, ನಾ ಎಲ್ಲಿ ಸಿಕ್ಕಿದ್ನಿ?"

"ತಿಪ್ಪಿ ಮ್ಯಾಲೆ."

"ಅಳಾಕತ್ತಿದ್ನೇನು?"

"ಇಲ್ಲ. ಕಣ್ಣ ತಗದು ನೋಡಾಕತ್ತಿದ್ದಿ."

"ಕರು ಇತ್ತಲ್ಲ?"

"ಬಿಳಿ ಕರು ಇತ್ತು. ನಿನ್ನ ಮೂಸಿ ನೋಡ್ತು."

"ನೀ ಏನಂದಿ?"

"ಇದು ನನ್ನ ಕೂಸು ಅಂದ್ನಿ."

ಬಿಳಿ ಎಂಬುದನ್ನು ಬಿಟ್ಟರೂ ಸಾಕು, ತಡೆದು ತಿದ್ದುತ್ತಿದ್ದಳು. ಮಕ್ಕಳು ಮರೆತು ಕೇಳುವುದಿಲ್ಲ. ನಿನ್ನೆಯ ಉತ್ತರ ಇವತ್ತೂ ಹಾಗೇ ಇದೆಯೋ ಎಂದು ನೋಡಲು ಕೇಳುತ್ತಾರೆ. ಅದು ತಿಳಿದ ಮೇಲೆ ನಾನು ಒಂದು ಮಾತನ್ನೂ ಆಚೀಚೆ ಮಾಡಲಿಲ್ಲ. ಹಿಟ್ಟು ನಾದುತ್ತಲೂ ಹೇಳಿದೆ, ಹತ್ತಿ ಬಿಡಿಸುತ್ತಲೂ ಹೇಳಿದೆ.

ಅವಳನ್ನು ಸಾಲಿಗೆ ಹಾಕುವ ವಯಸ್ಸಾದಾಗ ನೆಗೆಣ್ಣಿ ಬಂದಳು. ಹೊಸ ಮೊರದ ತುಂಬ ಜೋಳ ತುಂಬಿ ನನ್ನ ಮುಂದಿಟ್ಟಳು.

"ಆವತ್ತ ಕೊಡೂದು ಉಳದಿತ್ತು. ತುಗೋರಿ ಅಕ್ಕಾ. ಇನ್ನ ಗಂಡಾಂತರ ಇಲ್ಲಂತ ಅಯ್ಯನವರು ಹೇಳ್ಯಾರ."

"ನಿಮ್ಮ ಕೂಸು ಅಂದಿದ್ಯಲ್ಲ, ಎಲ್ಲಾರ ಮುಂದ?"

"ಅಯ್ಯ, ಅದು ಶಾಸ್ತ್ರಕ್ಕ ಅಂದ ಮಾತ್ರಿ. ಎಲ್ಲಾರಿಗೂ ಗೊತ್ತೈತಿ."

ಅತ್ತೆಯ ಮುಖ ನೋಡಿದೆ. ಅವರು ಮೊರದಲ್ಲಿ ಕೈಯಾಡಿಸಿ ಜೋಳದ ಹರಳು ಆರಿಸತೊಡಗಿದರು. ನನ್ನ ಗಂಡ "ಹಡದಾಕಿ ಕೇಳಿದ್ರ ಇಲ್ಲ ಅನ್ನಾಕ ಬರತೈತೇನು?" ಎಂದು ಟವಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಬಿಟ್ಟ. ಎಲ್ಲರಿಗೂ ಗೊತ್ತಿತ್ತಂತೆ! ಹಾಗಾದರೆ ಹುಡುಗಿಗೆ ಜ್ವರ ಏರಿದಾಗ ಚಕ್ಕಡಿಯಲ್ಲಿ ಎದೆಗವಚಿಕೊಂಡು ರೋಣದ ದವಾಖಾನೆಗೆ ಒಯ್ದದ್ದೂ ಶಾಸ್ತ್ರಕ್ಕೇನು? ನನ್ನ ಕೈಯಿಂದ ಕೂಸನ್ನು ಬದುಕಿಸಿಕೊಂಡು, ಬದುಕಿದ ಮೇಲೆ ಕಿತ್ತುಕೊಂಡರು. ಇದಕ್ಕೆ ನಾನು ಮೋಸ ಎಂದೇ ಅನ್ನುತ್ತೇನೆ, ಇವತ್ತಿಗೂ. ಬಸ್ಸು ಹತ್ತಿಸುವಾಗ ಆ ಹುಡುಗಿ "ಅವ್ವಾ, ನೀ ಯಾಕ ಬರವಲ್ಲಿ?" ಎಂದು ಕೇಳುತ್ತಲೇ ಇದ್ದಳು. ಆ ಜೋಳವನ್ನು ನಾನು ಬೀಸಲಿಲ್ಲ, ದನಕ್ಕೆ ಹಾಕಿದೆ.

ಮುಂದಿನ ಪಂಚಮಿ ಹಬ್ಬಕ್ಕೆ ಇಬ್ಬರೂ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ, ನೆಗೆಣ್ಣಿ ಪಕ್ಕದಲ್ಲಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ಹುಡುಗಿ ಬಂದು ಬಾಗಿಲಿಗೆ ಆತು ನಿಂತಳು.

"ದೊಡ್ಡವ್ವಾ" ಎಂದಳು. ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. "ಈ ಅವ್ವ ನನ್ನ ಹಡದಾಳಂತ. ತಿಪ್ಪಿ ಮ್ಯಾಲೆ ಸಿಕ್ಕಿಲ್ಲಂತ. ನೀ ಯಾಕ ಸುಳ್ಳ ಹೇಳ್ತಿದ್ದಿ?"

ನನ್ನ ಕೈ ನಿಂತಿತು. ತಿಪ್ಪೆ ಖರೆ, ಕರು ಖರೆ, ನಾನು ಅಂದದ್ದೂ ಖರೆ. ಅದನ್ನು ಬಲ್ಲವಳು ಅಲ್ಲೇ ಕುಳಿತಿದ್ದಳು. ಒಂದು ಮಾತು ಆಡುತ್ತಾಳೇನೋ ಎಂದು ಅವಳತ್ತ ನೋಡಿದೆ. ಅವಳು ಇನ್ನೊಂದು ಬದನೆಕಾಯಿ ಎತ್ತಿಕೊಂಡಳು.

"ರೊಟ್ಟಿ ಹೊತ್ತತೈತ್ರಿ ಅಕ್ಕಾ" ಎಂದಳು.

ರೊಟ್ಟಿ ತಿರುವಿ ಹಾಕಿದೆ. ಹುಡುಗಿ ಹೇಗೂ ಇನ್ನೊಮ್ಮೆ ಕೇಳುತ್ತಾಳೆ, ಆಗ ಹೇಳಿದರಾಯಿತು ಎಂದುಕೊಂಡೆ. ಅವಳು ಕೇಳಲಿಲ್ಲ.